ನೋಟಿನ ಮೇಲೆ ನಮ್ಮೂರಿನ ಕಮಲಾದೇವಿ ಯಾಕಾಗಬಾರದು?

ಸಂಪಾದಕರಿಗೆ ನಮಸ್ಕಾರ,

ನೋಟಿನ ಮೇಲೆ ಒಬ್ಬ ಮಹಿಳೆಯ ಚಿತ್ರ ಬರಬೇಕು ಅನ್ನೋ ಮಾತು ಎದ್ದರೆ ನಮ್ಮ ಕರಾವಳಿಯಲ್ಲಿ ಮೊದಲು ಕೇಳಿಬರುವ ಹೆಸರು ಉಳ್ಳಾಲದ ರಾಣಿ ಅಬ್ಬಕ್ಕ. ಪೋರ್ಚುಗೀಸರನ್ನೇ ಎದುರು ಹಾಕಿಕೊಂಡವರು, ತಕರಾರಿಲ್ಲ. ಆದರೆ ಅವರ ಮುಖ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ, ನಾವು ನೋಡುವ ಚಿತ್ರಗಳೆಲ್ಲ ಕಲಾವಿದರ ಕಲ್ಪನೆ. ಪ್ರತಿಮೆ, ಉತ್ಸವ, ಕೋಸ್ಟ್ ಗಾರ್ಡ್ ಹಡಗಿಗೆ ಹೆಸರು ಎಲ್ಲ ಅವರಿಗೆ ಸಿಕ್ಕಿದೆ. ನನ್ನ ಓಟು 1903ರಲ್ಲಿ ಇದೇ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ.

ಕಾರಣ ಉಪ್ಪು. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಆಶ್ರಮದಿಂದ ಜೊತೆಗೆ ಹೊರಟವರೆಲ್ಲ ಗಂಡಸರೇ. ಅಡುಗೆಮನೆಯಲ್ಲಿ ದಿನಾ ಉಪ್ಪು ಹಾಕುವವರು ಯಾರು ಸ್ವಾಮಿ? ಹೆಂಗಸರಿಗೂ ಈ ಹೋರಾಟದಲ್ಲಿ ಜಾಗ ಬೇಕು ಅಂತ ನೇರ ಗಾಂಧೀಜಿ ಹತ್ತಿರವೇ ಹೋಗಿ ವಾದ ಮಾಡಿದವರು ಕಮಲಾದೇವಿ. ಆಮೇಲೆ ಬಾಂಬೆಯಲ್ಲಿ ಉಪ್ಪಿನ ಪೊಟ್ಟಣ ಹಿಡಿದುಕೊಂಡು ಶೇರು ಮಾರುಕಟ್ಟೆಯ ಒಳಗೇ ಮಾರಲು ನುಗ್ಗಿದರು, ಜೈಲಿಗೂ ಹೋದರು. 2016ರಲ್ಲಿ ರದ್ದಾದ ಹಳೇ 500ರ ನೋಟು ನೆನಪಿದೆಯಾ? ಅದರ ಹಿಂಬದಿಯಲ್ಲಿ ಇದ್ದದ್ದು ಇದೇ ದಂಡಿ ಯಾತ್ರೆ. ಗಾಂಧೀಜಿಯನ್ನು ತೆಗೆಯಿರಿ ಅಂತ ನಾನು ಹೇಳ್ತಿಲ್ಲ, ಅವರು ಮುಂದೆ ಇರಲಿ, ಹಿಂಬದಿಯಲ್ಲಿ ಅವರ ಜೊತೆ ವಾದ ಮಾಡಿದ ಈ ಹೆಣ್ಣುಮಗಳು ಇರಲಿ.

ಬಾಲವಿಧವೆಯಾಗಿ ಮರುಮದುವೆಯಾದದ್ದು, 1926ರಲ್ಲೇ ಮದ್ರಾಸ್ ಶಾಸನಸಭೆಗೆ ಚುನಾವಣೆಗೆ ನಿಂತು ಕೂದಲೆಳೆಯಲ್ಲಿ ಸೋತದ್ದು, ದೇಶ ವಿಭಜನೆಯಾದಾಗ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಮಾಡಿಕೊಡಲು ಓಡಾಡಿದ್ದು, ಕರಕುಶಲ ಕೆಲಸದವರಿಗೆ ಮಾರುಕಟ್ಟೆ ಮತ್ತು ಮರ್ಯಾದೆ ಎರಡನ್ನೂ ತಂದದ್ದು, ಎಲ್ಲ ಬರೆದರೆ ನಿಮ್ಮ ಪುಟ ಸಾಲದು.

ಈಗ ಕೈಯಲ್ಲಿರುವ ನೇರಳೆ ಬಣ್ಣದ 100ರ ನೋಟು ತಿರುಗಿಸಿ ನೋಡಿ. ಪಾಟಣದ ‘ರಾಣಿ ಕೀ ವಾವ್’ ಇದೆ. ರಾಣಿ ಉದಯಮತಿ ಕಟ್ಟಿಸಿದ್ದು ಅಂತ ಹೇಳುವ ಮೆಟ್ಟಿಲುಬಾವಿ. ಬಾವಿಗೆ ನೋಟಿನಲ್ಲಿ ಜಾಗ ಸಿಕ್ಕಿತು, ರಾಣಿಗೆ ಸಿಗಲಿಲ್ಲ!

ಕೆನಡಾದವರು ಇದನ್ನು ಚೆನ್ನಾಗಿ ಮಾಡಿದರು. 2016ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಜನರನ್ನೇ ಕೇಳಿತು. ತೀರಿಕೊಂಡು 25 ವರ್ಷವಾದರೂ ಆಗಿರಬೇಕು, ಕಥೆಯ ಪಾತ್ರ ಆಗಬಾರದು, ಇಂಥ ಕೆಲವು ಷರತ್ತು ಅಷ್ಟೇ. 26,000ಕ್ಕೂ ಜಾಸ್ತಿ ಸಲಹೆ ಬಂದವು. ಕೊನೆಗೆ ಆಯ್ಕೆಯಾದವರು ರಾಣಿಯೂ ಅಲ್ಲ, ಮಂತ್ರಿಯೂ ಅಲ್ಲ, ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ವಯೋಲಾ ಡೆಸ್ಮಂಡ್ ಅನ್ನೋ ಕಪ್ಪು ಮಹಿಳೆ. 1946ರಲ್ಲಿ ಒಂದು ಸಿನಿಮಾ ಥಿಯೇಟರಿನಲ್ಲಿ ಬಿಳಿಯರ ಸೀಟಿನಿಂದ ಏಳುವುದಿಲ್ಲ ಅಂದಿದ್ದಕ್ಕೆ ಅವರನ್ನು ಹೊರಗೆಳೆದು ರಾತ್ರಿಯಿಡೀ ಲಾಕಪ್‌ನಲ್ಲಿಟ್ಟರು. ಕೇಸು ಹಾಕಿದ್ದು ಏನಂತ ಗೊತ್ತಾ? ಟಿಕೆಟಿನ ತೆರಿಗೆಯಲ್ಲಿ ಒಂದು ಸೆಂಟ್ ಕಡಿಮೆ ಕೊಟ್ಟರು ಅಂತ. 2018ರಿಂದ ಅವರ ಮುಖ ಅಲ್ಲಿನ 10 ಡಾಲರ್ ನೋಟಿನ ಮೇಲಿದೆ.

ಕಮಲಾದೇವಿ ತೀರಿಕೊಂಡದ್ದು 1988ರಲ್ಲಿ, ಕೆನಡಾದ ಲೆಕ್ಕದಲ್ಲೂ ಪಾಸು.

ಚಿತ್ರ ಹಾಕಿದರೆ ಮೀನಿನ ರೇಟು ಇಳಿಯುತ್ತಾ ಅಂತ ಕೇಳುವವರು ಇದ್ದೇ ಇರ್ತಾರೆ. ಇಳಿಯಲ್ಲ ಮಾರಾಯ್ರೆ, ಒಪ್ಪಿದೆ. ಈಗಿರುವ ಚಿತ್ರಗಳಿಂದ ಇಳಿದಿದೆಯಾ?

ರಿಸರ್ವ್ ಬ್ಯಾಂಕ್ ಕೇಳುವಾಗ ಕೇಳಲಿ, ಅಷ್ಟರೊಳಗೆ ನಿಮ್ಮ ಪತ್ರಿಕೆಯೇ ಓದುಗರನ್ನು ಕೇಳಬಹುದಲ್ವಾ, ಒಂದು ಹೆಸರು, ಎರಡು ಸಾಲು ಕಾರಣ. ನೋಟು ಮಾತ್ರ 500ರದ್ದು ಬೇಡ, 10ರದ್ದೇ ಆಗಲಿ. ಬಸ್ಸಿನ ಕಂಡಕ್ಟರಿಂದ ಮಲ್ಲಿಗೆ ಮಾರುವವರ ತನಕ ಜಾಸ್ತಿ ಕೈ ಬದಲಾಗುವುದು ಅದೇ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಮಂಗಳೂರು