ಗಲ್ಲಾದ ಕೀಲಿ: ಮಹಾರಾಷ್ಟ್ರದ ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ನಾನು ಪುಣೆಯಲ್ಲಿ ಸಣ್ಣ ಖಾನಾವಳಿ ನಡೆಸುತ್ತೇನೆ. ಊರು ಇಂಡಿ ಕಡೆ. ನಮ್ಮಲ್ಲಿ ಬಡಿಸುತ್ತಿದ್ದ ಹುಡುಗನನ್ನು ಯಾವುದೋ ಹೊಡೆದಾಟದ ಕೇಸಿನಲ್ಲಿ ಹಿಡಿದರು. ಜಾಮೀನಿಗೆ ಯಾರೂ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಹನ್ನೊಂದು ತಿಂಗಳು ಒಳಗಿದ್ದ. ಆಮೇಲೆ ಕೋರ್ಟು ನಿರ್ದೋಷಿ ಎಂದು ಬಿಟ್ಟಿತು.

ಅವನು ವಾಪಸ್ ಬಂದ ದಿನ, ಮೊಳೆಗೆ ನೇತಾಡುತ್ತಿದ್ದ ಗಲ್ಲಾದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ಅವನು ನೋಡಿದ. ಏನೂ ಅನ್ನದೆ ಜಗ್ಗಿಗೆ ನೀರು ತುಂಬಲು ಹೋದ. 2022ರಲ್ಲಿ ಇಲ್ಲೇ ಪುಣೆಯ ಯೆರವಡಾ ಜೈಲಿನ ಕೈದಿಗಳಿಗೆ ಅವರ ದುಡಿಮೆ ನಂಬಿ ಸಹಕಾರಿ ಬ್ಯಾಂಕು 50,000 ರೂಪಾಯಿ ತನಕ ಸಾಲ ಕೊಡಲು ಶುರುಮಾಡಿತಲ್ಲ, ಅದನ್ನು ಓದಿ ನಾಚಿಕೆಯಾಯಿತು. ಬ್ಯಾಂಕು ನಂಬಿದಷ್ಟೂ ನಾನು ನಂಬಲಿಲ್ಲ. ಕೀಲಿ ಮತ್ತೆ ಮೊಳೆಗೆ ಹಾಕಿದ್ದೇನೆ. ಅವನು ಆ ಕಡೆ ಸುಳಿಯುವುದಿಲ್ಲ.

ಊಟ ಐದೇ ನಿಮಿಷದಲ್ಲಿ ಮುಗಿಸುತ್ತಾನೆ. ಜೋರಾಗಿ ಹೆಸರು ಕರೆದರೆ ತಟ್ಟನೆ ಎದ್ದು ನಿಲ್ಲುತ್ತಾನೆ. ಗಿರಾಕಿಗಳು ನಗುತ್ತಾರೆ.

ಜನ ಹೊರಗೆ ಹೇಗೆ ನೋಡುತ್ತಾರೋ ಜೈಲೂ ಹಾಗೇ ನಡೆಯುತ್ತದೆ, ಅಲ್ವಾ? ಹಲವು ರಾಜ್ಯಗಳಲ್ಲಿ ಕೈದಿಗಳ ಜಾತಿ ನೋಡಿ ಪೊರಕೆಯೋ ಸೌಟೋ ಕೊಡುವ ನಿಯಮವಿತ್ತು. ಅದನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು ಮೊನ್ನೆ ಮೊನ್ನೆ, 2024ರ ಅಕ್ಟೋಬರ್ 3ರಂದು. ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಿರಿ ಎಂದೂ ಹೇಳಿತು.

ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ನಮ್ಮ ಓಣಿಗೆ ಮಾತ್ರ ಅವರೆಲ್ಲ 'ಜೈಲಿಗೆ ಹೋಗಿ ಬಂದವರು'. ಯೆರವಡಾ ಜೈಲು ನೋಡಲು 2021ರಲ್ಲಿ ಪ್ರವಾಸಿಗಳನ್ನು ಬಿಡಲು ಶುರುಮಾಡಿದರು. ಗಾಂಧೀಜಿ ಇದ್ದ ಜಾಗ, 1932ರ ಪುಣೆ ಒಪ್ಪಂದ ಆದ ಜಾಗ ಎಂದು ಜನ ಕೈಮುಗಿದು ಬರುತ್ತಾರೆ. ನಮ್ಮ ಹುಡುಗನಿಗೆ ಒಂದು ಖೋಲಿ ಸಿಗುತ್ತಿಲ್ಲ.

ಮಾಲೀಕರು ಮೊದಲು ಒಪ್ಪುತ್ತಾರೆ. ಪೊಲೀಸ್ ವೆರಿಫಿಕೇಶನ್ ಎಂದ ಕೂಡಲೇ ಕೇಸಿನ ವಿಷಯ ಬರುತ್ತದೆ, ಅಡ್ವಾನ್ಸ್ ವಾಪಸ್. ಕೇಸು ಇತ್ತು ಅನ್ನುವುದು ಎಲ್ಲರಿಗೂ ಬೇಕು, ಏನಾಯಿತು ಅನ್ನುವುದು ಯಾರಿಗೂ ಬೇಡ.

ಜನರ ಮನಸ್ಸು ಬದಲಾಯಿಸಿ ಎಂದು ನಿಮ್ಮನ್ನು ಕೇಳುವುದಿಲ್ಲ. ಪೊಲೀಸ್ ವೆರಿಫಿಕೇಶನ್ ಕಾಗದದಲ್ಲಿ 'ಖುಲಾಸೆ' ಎಂಬ ಮಾತು ಮೊದಲ ಸಾಲಿಗೆ ಬರಲಿ. ಕೇಸು ಬಿದ್ದುಹೋದವರ ಹಳೇ ಕೇಸನ್ನು ಬಾಡಿಗೆಯ ವೆರಿಫಿಕೇಶನ್‌ನಲ್ಲಿ ಎತ್ತಲೇಬಾರದು ಎಂದು ಆದೇಶ ಮಾಡಿದರೆ ಇನ್ನೂ ಒಳ್ಳೆಯದು. ಬಿಡುಗಡೆಯ ದಿನವೇ, ಓದಲು ಬರುವ ಭಾಷೆಯಲ್ಲಿ, ಸಹಿ-ಶಿಕ್ಕಾ ಇರುವ ಒಂದು ಚೀಟಿ ಕೈಗೆ ಕೊಡಿ.

ಸದ್ಯ ಕೋರ್ಟಿನ ಆದೇಶದ ಜೆರಾಕ್ಸ್ ನನ್ನ ಗಲ್ಲಾದಲ್ಲೇ ಇದೆ. ತೋರಿಸಿ ತೋರಿಸಿ ಮಡಿಕೆಯ ಹತ್ತಿರ ಹರಿದಿದೆ.

ನಿಮ್ಮ ವಿಶ್ವಾಸಿ,
ಪುಣೆಯ ಒಬ್ಬ ಖಾನಾವಳಿಯವ