ಒಗಿಯೋದು ನೆನಪಿಟ್ಟು ಕೌದಿ ಹೊಲಿ, ಮಗಳ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ಕಲಬುರ್ಗಿಯಿಂದ ನಿಮ್ ದೊಡ್ಡವ್ವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲಾರೂ ಆರಾಮ ಇದ್ದೀವಿ, ಬಿಸಿಲೊಂದು ಬಿಟ್ರ.

ನೀ ಬೀದರದಾಗ ನಿಮ್ ಓಣಿ ಹೆಣ್ಮಕ್ಳನ್ನ ಕೂಡಿಸ್ಕೊಂಡು ಐತಾರಕ್ಕೊಮ್ಮೆ ಹಳೀ ಬಟ್ಟಿ ಪದರ ಪದರ ಕೂಡಿಸಿ ಕೌದಿ ಹೊಲಿಲಿಕ್ಕತ್ತೀರಿ ಅಂತ ನಿಮ್ಮವ್ವ ಹೇಳಿದ್ಲು, ನೀ ಕಳಿಸಿದ ಫೋಟೋನೂ ನೋಡ್ದೆ. ಮ್ಯಾಲಿನ ತ್ಯಾಪಿ ಕೆಲಸ, ಅಂದ್ರ ತುಂಡು ತುಂಡು ಜೋಡ್ಸಿದ್ದು, ಭಾಳ ಛಂದ ಅದ, ಬಣ್ಣ ಜೋಡ್ಸೋದ್ರಾಗ ನಿನ್ನ ಕಣ್ಣು ಚಲೋ ಅದ, ಅದಕ್ಕ ನಾ ಏನೂ ಹೇಳಂಗಿಲ್ಲ. ಆದ್ರ ನಾ ಜೂಮ್ ಮಾಡಿ ಮಾಡಿ ನೋಡಿದ್ದು ಅಂಚು, ಆಮ್ಯಾಲ ಹೊಲಗಿ ಹೊಲಗಿ ನಡಕ ಎಷ್ಟು ಜಾಗ ಬಿಟ್ಟೀರಿ ಅಂತ. ನಾಲ್ಕು ನಾಲ್ಕು ಬೆರಳು ಬಿಟ್ಟೀರಿ ಮಗಳ. ಫೋಟೋಕ್ಕ ನಡೀತದ, ಒಗಿಯೋ ಕಲ್ಲಿಗೆ ನಡಿಯಂಗಿಲ್ಲ.

ನಾ ಹೇಳೋದು ಇದೊಂದೇ, ಉಳಿದಿದ್ದೆಲ್ಲಾ ಇದರಿಂದನೇ ಬರ್ತದ. ಕೌದಿ ಗ್ವಾಡಿಗೆ ತೂಗುಹಾಕೋ ಸಾಮಾನಲ್ಲ, ಅದರ ಮ್ಯಾಲ ಕೂಸು ಉಚ್ಚಿ ಹೊಯ್ತದ, ಮುತ್ಯಾ ಚಹಾ ಚೆಲ್ತಾನ, ಶೇಂಗಾ ಒಣಗಿಸ್ಲಿಕ್ಕ ಅಂಗಳಕ್ಕ ಹಾಸ್ತಾರ, ತಿಂಗಳಿಗೊಮ್ಮೆ ಇಲ್ಲಾಂದ್ರ ಹಬ್ಬಕ್ಕೊಮ್ಮೆ ಒಗೀತಾರ, ಹಸಿ ಕೌದಿ ಹಿಂಡ್ಲಿಕ್ಕ ಇಬ್ರು ಬೇಕು, ಆ ಇಬ್ರೂ ಎರಡೂ ಕಡಿ ಹಿಡ್ಕೊಂಡು ತಿರುವೋ ಹೊತ್ತಿನಾಗ ನಿನ್ನ ಹೊಲಗಿ ಏನಾಗ್ತದ ಅನ್ನೋದು ಬಟ್ಟಿ ಆರಸೋ ಮೊದ್ಲೇ ತಲಿಯಾಗ ಇರ್ಬೇಕು.

ಹಂಗಾದ್ರ ಮೊದ್ಲು ಬಟ್ಟಿ. ಹಳೀ ಹತ್ತಿ ಸೀರಿ, ಧೋತ್ರ, ಲುಂಗಿ, ಒಗದು ಒಗದು ಮೆತ್ತಗಾದ ಬೆಡ್‌ಶೀಟು, ಇವು ಬೇಕು. ಈಗ ಮನಿ ಮನಿಯಾಗ ಇರೋದೆಲ್ಲಾ ಪಾಲಿಸ್ಟರ್, ಕೊಡೋರೂ ಅದನ್ನೇ ಗಂಟು ಕಟ್ಟಿ ಕೊಡ್ತಾರ, ಬ್ಯಾಡ ಅನ್ಲಿಕ್ಕ ಮುಜುಗರ ಆಗ್ತದ ಖರೇ, ಆದ್ರೂ ಕೌದಿ ಒಳಗ ಹಾಕಬ್ಯಾಡ. ಅದು ಬೆವರು ಕುಡಿಯಂಗಿಲ್ಲ, ಪದರ ಪದರ ಜಾರ್ತದ, ಒಗದ ಮ್ಯಾಲ ಒಳಗ ಗುಡ್ಡಿ ಆಗಿ ಕೂಡ್ತದ. ಹತ್ತಿ ಹೌದೋ ಅಲ್ಲೋ ಅಂತ ಅನುಮಾನ ಬಂದ್ರ ಅಂಚಿನ ನಾಲ್ಕು ಎಳಿ ಕಿತ್ತು ಕಡ್ಡಿ ಗೀರಿ ಸುಟ್ಟು ನೋಡು, ಹತ್ತಿ ಆದ್ರ ಕಾಗದ ಸುಟ್ಟಂಗ ವಾಸನಿ ಬಂದು ಬೂದಿ ಆಗ್ತದ, ಪಾಲಿಸ್ಟರ್ ಆದ್ರ ಕರಗಿ ಗಟ್ಟಿ ಮಣಿ ಆಗ್ತದ. ಕೈಯಾಗ ಹಿಡಿಬ್ಯಾಡ, ಚಿಮಟಾದಾಗ ಹಿಡಿ, ಬಾಜುಕ್ಕ ನೀರಿಟ್ಕೊ.

ಸೀರಿ ಹಳೀದು ಅಂದ್ರ ಪೂರಾ ಒಂದೇ ಸಮ ಹಳೀದಾಗಿರಂಗಿಲ್ಲ. ಕೂತು ಎದ್ದು ಮಾಡೋ ಜಾಗ ಸವದಿರ್ತದ, ಒಳಗ ಸಿಗಿಸ್ಕೊಳ್ಳೋ ಭಾಗ ಹೊಸದರಂಗ ಇರ್ತದ. ಬೆಳಕಿಗೆ ಹಿಡಿ, ಆಮ್ಯಾಲ ಎರಡು ಹೆಬ್ಬೆಟ್ಟು ಬಾಜು ಬಾಜು ಇಟ್ಟು ಜರಾ ಜಗ್ಗು, ಪಿಸ್ ಅಂತ ಬಿಟ್ರ ಅದು ನಡುವಿನ ಪದರಕ್ಕ, ಗಟ್ಟಿ ಇದ್ದದ್ದು ಮ್ಯಾಲ ಕೆಳಗ. ಮತ್ತ ಕತ್ತರಿಕಿಂತ ಹರಿಯೋದು ಚಲೋ, ಅಂಚಿನಾಗ ಸ್ವಲ್ಪ ಕಚ್ಚು ಹಾಕಿ ಜಗ್ಗಿದ್ರ ಹತ್ತಿ ಬಟ್ಟಿ ಎಳಿ ಹಿಡ್ಕೊಂಡು ಸೀದಾ ಹರೀತದ, ಯಾವ ಸ್ಕೇಲೂ ಅಷ್ಟು ಸೀದಾ ಗೆರಿ ಕೊಡಂಗಿಲ್ಲ. ಎಳಿಗೆ ಓರಿಯಾಗಿ ಕತ್ತರಿಸಿದ ತುಂಡು ಜಗ್ಗಿದಂಗ ಜಗ್ಗಿದಂಗ ಉದ್ದಾಗ್ತದ, ಅದರಿಂದನೇ ನಿಮ್ ಮೂರನೇ ಫೋಟೋದಾಗಿನ ಕೌದಿ ನಡಕ ಹೊಟ್ಟಿ ಬಂದದ.

ಹೊಸಾ ಹತ್ತಿ ಬಟ್ಟಿ ತಂದಿದ್ರ ಒಮ್ಮೆ ನೆನಿಸಿ ಒಣಗಿಸಿ ಆಮ್ಯಾಲ ಹಿಡಿ, ಮೊದಲ್ನೇ ನೀರಿಗೆ ಅದು ಕುಗ್ತದ, ಹಳೀದು ಕುಗ್ಗಂಗಿಲ್ಲ, ಎರಡೂ ಕೂಡಿಸಿ ಹೊಲಿದು ಆಮ್ಯಾಲ ಒಗದ್ರ ಮುಖ ಸಿಂಡರಿಸ್ಕೊಂಡು ಕೂಡ್ತದ ಕೌದಿ. ಇಳಕಲ್ ಸೀರಿ ಬಂದ್ರ ಸೆರಗು ತಗದು ಬ್ಯಾರೆ ಇಡು, ಮೈ ಹತ್ತಿದು ಇದ್ರೂ ಸೆರಗು ರೇಷ್ಮಿದು ಇರ್ತದ, ನೀರಿನಾಗ ಎರಡರ ಗುಣ ಬ್ಯಾರೆ ಬ್ಯಾರೆ. ಬಣ್ಣ ಬಿಡೋದು ಇನ್ನೊಂದು ಗೋಳು. ಕೆಂಪು, ಕಡುನೀಲಿ ಎರಡೂ ನಂಬಬ್ಯಾಡ. ಒಂದು ಮೂಲಿ ಬಿಸಿ ನೀರಿನಾಗ ಎದ್ದಿ ಬಿಳಿ ಬಟ್ಟಿ ಮ್ಯಾಲಿಟ್ಟು ಇಸ್ತ್ರಿ ಒತ್ತಿ ನೋಡು. ಉಪ್ಪಿನ ನೀರಾಗ ನೆನೆಹಾಕಿದ್ರ ಬಣ್ಣ ನಿಲ್ತದ ಅಂತ ಇಡೀ ಕಲಬುರ್ಗಿನೇ ಹೇಳ್ತದ, ಉಪ್ಪು ಬಣ್ಣ ಅದ್ದೋ ಹೊತ್ತಿಗೆ ಕೆಲಸ ಮಾಡ್ತದ, ಅದ್ದಿ ಮುಗಿದು ಅಂಗಡಿಗೆ ಬಂದ ಬಟ್ಟಿಗೆ ಅದರಿಂದ ಏನೂ ಆಗಂಗಿಲ್ಲ. ನೀರು ತಿಳಿಯಾಗೋ ತನಕ ಬಿಟ್ಟು ಬಿಟ್ಟು ಒಗಿಯೋದೇ ದಾರಿ, ತಿಳಿ ಆಗ್ಲೇ ಇಲ್ಲಾಂದ್ರ ಆ ಬಟ್ಟಿ ಕೌದಿಗಲ್ಲ, ಒರಸೋ ಬಟ್ಟಿಗೆ.

ಪದರ ಎಷ್ಟು ಅಂತ ಕೇಳಿದ್ದಿ. ಕೂಸಿಂದಾದ್ರ ಮೂರು ಸಾಕು, ದೊಡ್ಡೋರಿಗೆ ನಾಲ್ಕು, ನಿಮ್ ಬೀದರ ಚಳಿಗೆ ಐದು. ಅದಕ್ಕಿಂತ ಹೆಚ್ಚು ಹಾಕಿದ್ರ ಸೂಜಿ ಹೋಗಂಗಿಲ್ಲ, ಹೋದ್ರೂ ಕೆಳಗಿನ ಪದರದಾಗ ಹೊಲಗಿ ಬೀಳಂಗಿಲ್ಲ, ಒಗದ್ರ ಒಣಗಂಗಿಲ್ಲ. ಬೆಚ್ಚಗ ಇರ್ಲಿ ಅಂತ ನಡಕ ಹಿಂಜಿದ ಹತ್ತಿ ತುಂಬ್ಸೋಣು ಅಂತ ನಿಮ್ ಬಾಜು ಮನಿಯಾಕಿ ಹೇಳ್ತಾಳಂತ, ಅದು ಗಾದಿ ಆಗ್ತದ, ಕೌದಿ ಆಗಂಗಿಲ್ಲ.

ಇನ್ನ ನೀ ವಿಡಿಯೋದಾಗ ನೋಡಿದ್ದು. ಅಮೆರಿಕದೋರು ನಡುವಿನಿಂದ ಹೊಲಿದು ಹೊರಗ ಬರ್ತಾರ, ನಾವು ಅಂಚಿನಿಂದ ಸುತ್ತ ಸುತ್ತ ಒಳಗ ಹೋಗ್ತೀವಿ, ಯಾವ್ದು ಬರೋಬ್ಬರಿ ಅಂತ. ಎರಡೂ ಬರೋಬ್ಬರಿ. ನಡುವಿನಿಂದ ಹೋದ್ರ ಸುಕ್ಕು ಹೊರಗ ತಳ್ಕೊಂಡು ಹೋಗ್ತದ, ಅದಂತೂ ಖರೇ. ನಮ್ಮದ್ರಾಗ ನಾಲ್ಕು ಮಂದಿ ನಾಲ್ಕು ಕಡಿ ನೆಲಕ್ಕ ಕೂತು ಒಂದೇ ಸಲ ಹೊಲೀಬಹುದು, ಮಾತಾಡ್ಕೋತ. ಆದ್ರ ಅಂಚಿನಿಂದ ಹೋಗೋರು ಕಚ್ಚಾ ಹೊಲಗಿ, ಅಂದ್ರ ಪದರ ಜಾರ್ಲಾರ್ದಂಗ ಮೊದ್ಲು ಹಾಕೋ ಉದ್ದುದ್ದ ಹೊಲಗಿ, ಬಿಡಂಗಿಲ್ಲ, ಇಲ್ಲಾಂದ್ರ ಸುಕ್ಕೆಲ್ಲಾ ನಡಕ ಬಂದು ನಿಲ್ತದ. ನೆಲ ಒರಸಿ ಕೆಳಗಿನ ಪದರ ಹಾಸು, ನಾಲ್ಕು ಮೂಲಿಗೆ ಕಲ್ಲಿಡು, ಅಂಗೈಲೇ ನಡುವಿನಿಂದ ಹೊರಗ ಸವರು, ಒಂದೊಂದೇ ಪದರ ಹಿಂಗ. ಎಲ್ಲಾ ಹಾಸಿದ ಮ್ಯಾಲ ನಡುವಿನಿಂದ ನಾಲ್ಕೂ ಕಡಿಗೆ ಉದ್ದುದ್ದ ಕಚ್ಚಾ ಹಾಕು, ಆಮ್ಯಾಲ ಗೇಣಿಗೊಂದು ಸಾಲು. ಈ ಕೆಲಸಕ್ಕ ಬ್ಯಾಸರ ಮಾಡೋರು ಭಾಳ ಮಂದಿ, ಹೊಲಿಯೋ ಹೊತ್ತಿನ ಕಾಲು ಭಾಗ ಇದಕ್ಕೇ ಹೋದ್ರೂ ಹೋಗ್ಲಿ ಅಂತೀನಿ ನಾ. ಪಿನ್ನು ಹಾಕಿದ್ರ ಎಣಿಸಿ ಹಾಕ್ರಿ, ಎಣಿಸಿ ತಗೀರಿ, ಏಳೋ ಮೊದ್ಲು ಸೂಜಿನೂ ಎಣಿಸ್ರಿ, ಹಳೀ ಸ್ಪೀಕರ್‌ನ ಅಯಸ್ಕಾಂತ ಒಂದು ಇಟ್ಕೊಂಡು ಕೌದಿ ಮ್ಯಾಲ ಆಡಿಸ್ರಿ, ಅದರಾಗ ಮಲಗೋದು ಕೂಸು ಅನ್ನೋದು ಮರೀಬ್ಯಾಡ್ರಿ.

ಸೂಜಿ ಉದ್ದದ್ದು ಇರ್ಲಿ, ಡಬ್ಬಣ ಬ್ಯಾಡ, ಅದು ಚೀಲ ಹೊಲಿಯೋದು, ಅದರ ತೂತು ಹಳೀ ಬಟ್ಟಿಯಾಗ ಮುಚ್ಚಂಗಿಲ್ಲ. ದಾರ ಹತ್ತಿದೇ ತಗೊ. ನೈಲಾನ್, ಪಾಲಿಸ್ಟರ್ ದಾರ ಗಟ್ಟಿ ಅಂತ ಅಂಗಡಿಯಂವ ಕೊಡ್ತಾನ, ಗಟ್ಟಿ ಹೌದು, ಅದಕ್ಕೇ ಹಳೀ ಬಟ್ಟಿ ಕೊಯ್ತದ. ಹರಿದ್ರ ದಾರ ಹರೀಲಿ, ಮತ್ತ ಹಾಕ್ಬಹುದು, ಬಟ್ಟಿ ಹರಿಬಾರದು. ಒಂದು ಸಲಕ್ಕ ಮೊಳದ ಮ್ಯಾಲ ಜರಾ ಹೆಚ್ಚು ಅಷ್ಟೇ ಪೋಣಿಸು, ಉದ್ದ ಪೋಣಿಸಿದ್ರ ಕೆಲಸ ಜಲ್ದಿ ಅನ್ಕೊಂಡಿರ್ತಾರ, ಗಂಟು ಬಿಡಿಸೋದ್ರಾಗೇ ಹೊತ್ತು ಹೋಗ್ತದ. ಮೇಣಬತ್ತಿ ತುಂಡಿನ ಮ್ಯಾಲ ಒಮ್ಮೆ ಎಳಿ. ಗಂಟು ಮ್ಯಾಲ ಕಾಣಬಾರದು, ಎರಡು ಪದರದ ನಡಕ ಎಳದು ಮುಚ್ಚು. ಸಾಲು ಸಾಲಿನ ನಡಕ ಹೆಬ್ಬೆಟ್ಟಿನ ಅಗಲದಷ್ಟು ಜಾಗ, ಅಷ್ಟೇ, ಮತ್ತ ಗೇಣಿಗೊಂದು ಹಿಂದಿನ ಹೊಲಗಿ ಹಾಕು, ಅಂದ್ರ ಸೂಜಿ ಒಂದು ಹೊಲಗಿಯಷ್ಟು ಹಿಂದ ತಂದು ಮತ್ತ ಮುಂದ ಹೋಗು, ನಾಳೆ ಒಂದು ಕಡಿ ದಾರ ಹರಿದ್ರೂ ಅಲ್ಲಿಗೇ ನಿಲ್ತದ, ಇಡೀ ಸಾಲು ಬಿಚ್ಚಂಗಿಲ್ಲ. ಬೆರಳಿಗೆ ಅಂಗುಸ್ತಾನ ಹಾಕ್ಕೊ, ಸೂಜಿ ಚುಚ್ಚಲಾರ್ದಂಗ ಬೆರಳ ತುದಿಗೆ ಹಾಕೋ ಟೊಪ್ಪಿಗಿ ಅದು, ಟೇಲರ್ ಸಾಮಾನಿನ ಅಂಗಡ್ಯಾಗ ಸಿಗ್ತದ. ನೀ ಹಾಕಂಗಿಲ್ಲ ಅಂತ ಗೊತ್ತು ನಂಗ, ಬೆರಳು ಊದಿದ ಮ್ಯಾಲ ಹಾಕ್ಕೋತಿ.

ಮಷಿನ್ ಮ್ಯಾಲ ಹೊಲಿಯೋದು ತಪ್ಪಂತ ನಾ ಅನ್ನಂಗಿಲ್ಲ. ಮ್ಯಾಲಿನ ತ್ಯಾಪಿ ಜೋಡ್ಸೋದು ಮಷಿನ್‌ನಾಗೇ ಚಲೋ ಆಗ್ತದ, ಅಂಚೂ ಆಗ್ತದ. ಪದರ ಕೂಡ್ಸೋದು ಮಾತ್ರ ಕೈಲೇ ಮಾಡ್ರಿ, ಮಷಿನ್ ಹೊಲಗಿ ಬಿರುಸಾಗಿ ಮೈಗೆ ಹತ್ತಂಗಿಲ್ಲ.

ಅಂಚು ಮೊದ್ಲು ಸಾಯ್ತದ, ಯಾವ ಕೌದಿನಾದ್ರೂ ನೋಡು, ನಡಕ ಗಟ್ಟಿ ಇರ್ತದ, ಅಂಚು ಜೋತಾಡ್ತಿರ್ತದ. ಅದಕ್ಕ ಅಂಚಿಗೆ ಸೀರಿ ದಡಿ ಇಡು, ಎರಡು ಮಡಿಕಿ ಮಾಡಿ, ಎರಡು ಸಾಲು ಹೊಲಗಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡಿ ಸಿದ್ದಿ ಜನಾಂಗದ ಹೆಣ್ಮಕ್ಳು ಹೊಲಿಯೋ ಕವಂದಿ, ಅಂದ್ರ ಅವರ ಕೌದಿ, ನೋಡೀಯೇನು, ನಾಲ್ಕೂ ಮೂಲಿಗೆ ಬಟ್ಟಿ ಮಡಚಿ ಮಡಚಿ ಹೂವಿನಂಗ ಹಚ್ತಾರ, ಫುಲಾ ಅಂತಾರ ಅದಕ್ಕ, ಅದಿಲ್ಲಾಂದ್ರ ಕವಂದಿ ಬತ್ತಲಿ ಅಂತ ಅವರ ಲೆಕ್ಕ. ಛಂದಕ್ಕ ಹಚ್ಚೋದೇ, ಆದ್ರ ಮೂಲಿ ಹಿಡ್ಕೊಂಡು ಝಾಡಿಸೋ ಜಾಗಕ್ಕ ನಾಲ್ಕು ಪದರ ಹೆಚ್ಚಿಗಿ ಕೂಡ್ತಾವಲ್ಲ, ಅದೂ ನೋಡು. ನಿಮ್ ಓಣಿಯಾಗ ತಾಂಡಾದಿಂದ ಬಂದ ಲಂಬಾಣಿ ಆಯಿ ಇದ್ದಾಳಂತಿಯಲ್ಲ, ಅಂಚಿನ ಹೊಲಗಿ ಆಕಿ ಕಡಿ ಕೂತು ಕಲೀರಿ, ನನ್ನ ಕಡಿ ಅಲ್ಲ. ಲಂಬಾಣಿ ಹೊಲಗಿಯಾಗ ಹಚ್ಚೋ ಕನ್ನಡಿ ಚೂರು ಮಾತ್ರ ಕೂಸಿನ ಕೌದಿಗೆ ಬ್ಯಾಡ ಅಂತ ಹೇಳ್ರಿ.

ಐತಾರದ ಕೂಟಕ್ಕ ಏನಾದ್ರೂ ಆಟ ಹೇಳು ಅಂದಿ. ಒಂದು ಇದು ಮಾಡ್ರಿ, 5 ಅಡಿ 7 ಅಡಿ ಕೌದಿಗೆ ಒಂದಡಿ ತುಂಡು 35 ಬೇಕು, ನೀವು ಏಳು ಮಂದಿ, ತಲಿಗೆ ಐದು. ಮನ್ಯಾಗ ಹೊಲ್ಕೊಂಡು ತಂದು ನೆಲದ ಮ್ಯಾಲ ಹಾಸಿ ಆಕಡಿ ಈಕಡಿ ಮಾಡಿ ಜೋಡ್ಸೋದೇ ಒಂದು ಮಜಾ, ಅರ್ಧ ದಿನ ಹೋಗ್ತದ ಅದ್ರಾಗ. ಆದ್ರ ಎಲ್ಲಾರಿಗೂ ಒಂದೇ ರಟ್ಟಿನ ಅಳತಿ ಕೊಡು, ಹನ್ನೆರಡೂವರೆ ಇಂಚು, ಕಾಲಿಂಚು ಕಾಲಿಂಚು ಹೊಲಗಿಗೆ ಹೋಗ್ಲಿಕ್ಕ. ಒಬ್ಬೊಬ್ರ ಟೇಪು ಒಂದೊಂದು ಥರಾ ಜಗ್ಗಿರ್ತದ. ಏಳು ತುಂಡಿನ ಸಾಲಿನಾಗ ಆರು ಜೋಡಿ, ಜೋಡಿಗೆ ಎರಡು ಬಾಜು, ಬಾಜಿಗೊಂದು ಸೂತ, ಅಂದ್ರ ಇಂಚಿನ ಎಂಟನೇ ಒಂದು ಭಾಗ, ತಪ್ಪಿದ್ರೂ ಹನ್ನೆರಡು ಸೂತ, ಒಂದೂವರೆ ಇಂಚು ಆಯ್ತಲ್ಲ, ಒಂದು ಸಾಲು ಉದ್ದ ಒಂದು ಸಾಲು ಗಿಡ್ಡ ಆಗಿ ಆಮ್ಯಾಲ ಮಾತಿಗೆ ಮಾತು ಬೆಳೀತದ. ಇನ್ನೊಂದು, ಎಲ್ಲಾರೂ ಒಂದೊಂದು ಚಿಂದಿ ಗಂಟು ಕಟ್ಕೊಂಡು ಬರೋದು, ಚೀಟಿ ಎತ್ತೋದು, ಯಾರ ಗಂಟು ಯಾರಿಗೆ ಬಂತೋ ಅದರಾಗಿನ ಒಂದು ಚೂರೂ ಬಿಡ್ಲಾರ್ದ ಹೊಲಿಯೋದು. ಹುಡುಗ್ರು ಬಂದ್ರ ಓಡಿಸಬ್ಯಾಡ್ರಿ, ಹತ್ತಿಪ್ಪತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಇಡ್ಲಿ, ವಯಸ್ಸಾದೋರ ಕಣ್ಣಿಗೆ ಅದೇ ದೊಡ್ಡ ಉಪಕಾರ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಯಾರೇ ಗಂಟು ತಂದ್ರೂ ಕತ್ತರಿ ಹಾಕೋ ಮೊದ್ಲು ಅವರ ಎದುರಿಗೇ ಬಿಚ್ಚಿ, ಇದು ಹರೀಲೇನವ್ವ ಅಂತ ಒಂದೊಂದೇ ಕೇಳು. ಹೋದೋರ ಧೋತ್ರ ಇರ್ತದ, ಮದಿವಿ ಸೀರಿ ಇರ್ತದ, ಮನ್ಯಾಗಿನ ಸೊಸಿ ಗೊತ್ತಿಲ್ಲಾರ್ದ ಗಂಟಿನಾಗ ಹಾಕಿ ಕಳಿಸಿರ್ತಾಳ. ಕೆಲವ್ರಿಗೆ ಅದು ಕೌದಿಯಾಗ ಬಂದ್ರ ಸಮಾಧಾನ, ಕೆಲವ್ರಿಗೆ ಸಂಕಟ, ಹೊರಗಿನೋರಿಗೆ ಗೊತ್ತಾಗಂಗಿಲ್ಲ.

ಮಾರಾಟದ ವಿಚಾರ ನಿಮ್ಮವ್ವ ತಗದ್ಲು. ಮಾರ್ರಿ, ಆದ್ರ ಹಳೀ ಬಟ್ಟಿ ಪುಕ್ಕಟಿ ಅಲ್ಲೇನು ಅನ್ನೋ ಗಿರಾಕಿಗೆ ತಲಿ ಬಗ್ಗಿಸಬ್ಯಾಡ್ರಿ, ಯಾರು ಎಷ್ಟು ತಾಸು ಕೂತ್ರು ಅಂತ ಒಂದು ವಹಿ ಇಡ್ರಿ, ಕೂಲಿ ಆ ವಹಿ ನೋಡಿ ಹಂಚ್ರಿ. ಮೊದ್ಲೆಲ್ಲಾ ಗೊಂದಲಿಗ ಸಮುದಾಯದ ಹೆಣ್ಮಕ್ಳು ಓಣಿ ಓಣಿ ತಿರುಗಿ ಕೌದಿ ಹೊಲ್ಕೊಡ್ತಿದ್ರು, ಈಗೂ ಅಲ್ಲಲ್ಲಿ ಬರ್ತಾರ. ನಿಮ್ ಕಡಿ ಬಂದ್ರ ಪೈಪೋಟಿಗೆ ನಿಲ್ಲಬ್ಯಾಡ್ರಿ, ಕರ್ದು ಚಹಾ ಕೊಟ್ಟು ಅವರ ಕೈ ನೋಡ್ರಿ, ಸುಕ್ಕಿಲ್ಲಾರ್ದ ಹೆಂಗ ಹಾಸ್ತಾರ ಅಂತ. ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಿದ್ರ ನಾ ಸಿಟ್ಟಾಗ್ತೀನಿ.

ಒಗಿಯೋದು ತಣ್ಣೀರಾಗ, ಬ್ಲೀಚ್ ಪೌಡರ್ ಬ್ಯಾಡ, ಸಣ್ಣ ಮಷಿನ್‌ಗೆ ಐದು ಪದರದ್ದು ಹಾಕಬ್ಯಾಡ, ಹಸಿ ತೂಕಕ್ಕ ಡ್ರಮ್ಮು ಕೆಡ್ತದ. ಒಂದೇ ಹಗ್ಗಕ್ಕ ಜೋತು ಹಾಕಿದ್ರ ತೂಕಕ್ಕ ಹೊಲಗಿ ಜಗ್ತದ, ಕಂಪೌಂಡ್ ಗ್ವಾಡಿ ಮ್ಯಾಲ ಇಲ್ಲಾಂದ್ರ ಎರಡು ಹಗ್ಗದ ಮ್ಯಾಲ ಹಾಸು, ಎರಡೂ ಮೈ ಬಿಸಿಲು ಕಾಣ್ಲಿ. ಮಡಚಿಡೋದು ಪ್ರತಿ ಸಲ ಬ್ಯಾರೆ ಮಡಿಕಿ, ಪ್ಲಾಸ್ಟಿಕ್ ಚೀಲದಾಗ ತುಂಬಬ್ಯಾಡ, ಹಳೀ ಸೀರ್ಯಾಗ ಸುತ್ತಿ ನಡಕ ಒಣ ಬೇವಿನ ಎಲಿ ಹಾಕು.

ನಾಳೆ ಬೀದರ ಬಸ್ಸಿಗೆ ಒಂದು ಗಂಟು ಕೊಟ್ಟು ಕಳಿಸ್ಲಿಕ್ಕತ್ತೀನಿ, ಧೋತ್ರ ಅವ, ನನ್ನ ಹತ್ತಿ ಸೀರಿ ಅವ, ಎಲ್ಲಾ ಒಗದದ್ದು, ಯಾರನ್ನೂ ಕೇಳೋ ಕಾರಣ ಇಲ್ಲ, ಹರೀರಿ. ಕೆಳಗ ಪೇಪರಿನಾಗ ಸುತ್ತಿದ್ದು ಎರಡು ಕೆಂಪು ಸೀರಿ, ಅವನ್ನಷ್ಟು ಬ್ಯಾರೆ ಬಕೀಟಿನಾಗ ನೆನಿಸಿ ನೋಡು, ಇನ್ನೂ ಬಣ್ಣ ಬಿಡ್ಲಿಕ್ಕತ್ತಿದ್ರ ಫೋನ್ ಮಾಡು.

ನಿನ್ನ ದೊಡ್ಡವ್ವ