ಗುರು ಯಾರು ಅಂತ ಕೇಳಿದರೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಜಾಗ ಸಿಕ್ಕಿದ್ದು, ಹುಡುಗಿಯರು ಸೇರಿದ್ದು, ಆಸ್ಪತ್ರೆ ಡ್ಯೂಟಿ ಮುಗಿಸಿ ಸಂಜೆ ಅವರಿಗೆ ಕುಸ್ತಿಯ ಪಟ್ಟು ಕಲಿಸುತ್ತಿರುವುದು ಎಲ್ಲವನ್ನೂ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಬಿಡು. ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದಕ್ಕೇ ಈ ಉತ್ತರ. "ಎಲ್ಲಾ ಕಡೆಯಿಂದ ಒಂದೊಂದು ಚೂರು ತಂದು ಕಲಿಸ್ತಿದ್ದೀನಿ ದೊಡ್ಡಪ್ಪ. ನಿಮ್ಮ ಗುರು ಯಾರು ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳಲಿ? ಒಳಗೊಳಗೇ ಕಳ್ಳಿ ಅನ್ನಿಸುತ್ತೆ."

ಇದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೀನು ರಷ್ಯಾದ ಕಜಾನಿನಲ್ಲಿ ಓದುವಾಗ ಅಲ್ಲಿನ ಕುಸ್ತಿಯ ಬಗ್ಗೆ ಸ್ಯಾಂಬೊ ಸ್ಯಾಂಬೊ ಅಂತ ಬರೆಯುತ್ತಿದ್ದೆ. ನಾನು ಆಗ ಗಮನ ಕೊಡಲಿಲ್ಲ. ಈಗ ಮೊಮ್ಮಗನ ಕೈಲಿ ಹುಡುಕಿಸಿ ಓದಿಸಿಕೊಂಡೆ. ನಿನಗೆ ಗೊತ್ತಿರುವುದೇ ಇರಬಹುದು. ಆದರೆ ಆ ಕುಸ್ತಿಯನ್ನು ಕಟ್ಟಿದವರಲ್ಲಿ ಒಬ್ಬರಾದ ವಾಸಿಲಿ ಒಶ್ಚೆಪ್ಕೋವ್ ಎಂಬುವವರ ಕಥೆ ಕೇಳಿದಾಗ ನಿನ್ನ ಪ್ರಶ್ನೆಯೇ ಎದುರಿಗೆ ಬಂದು ನಿಂತ ಹಾಗಾಯಿತು.

ಸಖಾಲಿನ್ ದ್ವೀಪದಲ್ಲಿ ಹುಟ್ಟಿದವರು. ಆಗ ಅದು ಕೈದಿಗಳನ್ನು ಗಡಿಪಾರು ಮಾಡುತ್ತಿದ್ದ ಜಾಗ. ಚಿಕ್ಕ ವಯಸ್ಸಿಗೇ ತಬ್ಬಲಿ. ರಷ್ಯನ್ ಪಾದ್ರಿಗಳು ಜಪಾನಿನಲ್ಲಿ ನಡೆಸುತ್ತಿದ್ದ ಶಾಲೆಗೆ ಓದಲು ಹೋದ ಹುಡುಗ 1911ರಲ್ಲಿ ಟೋಕಿಯೊದ ಕೊಡೊಕಾನ್ ಎಂಬ ಜೂಡೊ ಶಾಲೆ ಸೇರಿದ. ಜೂಡೊ ಅಂದರೆ ಜಪಾನಿನವರ ಕುಸ್ತಿ. ಎರಡು ವರ್ಷಕ್ಕೆ ಜೂಡೊದಲ್ಲಿ ಕಪ್ಪು ಬೆಲ್ಟು. ಆಮೇಲೆ ಮಾಸ್ಕೋದಲ್ಲಿ ಕೆಂಪು ಸೇನೆಯವರಿಗೆ, ದೈಹಿಕ ಶಿಕ್ಷಣ ಸಂಸ್ಥೆಯ ಹುಡುಗರಿಗೆ ಕಲಿಸಿದರು. ಕಲಿಸುತ್ತಾ ಕಲಿಸುತ್ತಾ ಜೂಡೊ ಬದಲಾಯಿತು. ಕಾಲಿಗೆ ಬೂಟು ಬಂತು, ಉದ್ದ ಪ್ಯಾಂಟು ಹೋಗಿ ಚಡ್ಡಿ ಬಂತು, ಬೇರೆ ಬೇರೆ ಜನರ ಕುಸ್ತಿಯ ಪಟ್ಟುಗಳು ಸೇರಿಕೊಂಡವು. ಅದೇ ಹೊತ್ತಿಗೆ ಡೈನಮೊ ಸಂಘದಲ್ಲಿ ವಿಕ್ಟರ್ ಸ್ಪಿರಿಡೊನೊವ್ ಎಂಬ ಇನ್ನೊಬ್ಬರು ಪೊಲೀಸರಿಗಾಗಿ ಬೇರೆಯದೇ ಒಂದು ಆತ್ಮರಕ್ಷಣೆಯ ವಿದ್ಯೆ ಕಟ್ಟುತ್ತಿದ್ದರು. ಎರಡು ಹೊಳೆಯ ನೀರು ಬೆರೆತಂತೆ ಅದೂ ಇದೂ ಬೆರೆಯಿತು.

1937ರ ಅಕ್ಟೋಬರಿನಲ್ಲಿ ಒಶ್ಚೆಪ್ಕೋವರನ್ನು ಜಪಾನಿನ ಗೂಢಚಾರ ಅಂತ ಹಿಡಿದುಕೊಂಡು ಹೋದರು. ಕೆಲವೇ ದಿನಕ್ಕೆ ಬುತಿರ್ಕಾ ಜೈಲಿನಲ್ಲಿ ಸತ್ತರು. ಮುಂದಿನ ವರ್ಷ ನವೆಂಬರ್ 16ಕ್ಕೆ ಸರ್ಕಾರ ಅದೇ ಕುಸ್ತಿಯನ್ನು ಇಡೀ ದೇಶದ ಕ್ರೀಡೆ ಅಂತ ಒಪ್ಪಿಕೊಂಡಿತು. ಒಪ್ಪಿದ್ದು ವಿದ್ಯೆಯನ್ನು. ಕಲಿಸಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಅವರ ಶಿಷ್ಯ ಅನಾತೊಲಿ ಖಾರ್ಲಂಪಿಯೆವ್ ಬಹಳ ಕಾಲ ಸ್ಯಾಂಬೊದ ಜನಕ ಅನ್ನಿಸಿಕೊಂಡರು. ಜಾರ್ಜಿಯಾದ ಚಿದಾಓಬ ಮತ್ತು ಸೋವಿಯತ್ ದೇಶದ ಉಳಿದ ಕುಸ್ತಿಗಳಿಂದಲೇ ಇದು ಹುಟ್ಟಿತು ಅನ್ನುವುದು ಆಗಿನ ಮಾತು. ಜೂಡೊ ಅನ್ನುವ ಪದವೇ ಇಲ್ಲ. 1957ರಲ್ಲಿ ಒಶ್ಚೆಪ್ಕೋವ್ ತಪ್ಪಿತಸ್ಥರಲ್ಲ ಅಂತಾಯಿತು. ಅಷ್ಟು ಹೊತ್ತಿಗೆ ಅವರು ಹೋಗಿ 20 ವರ್ಷ.

ಆ ಶಿಷ್ಯನ ಮೇಲೆ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಜನರ ಶತ್ರು ಅಂತ ಮುದ್ರೆ ಬಿದ್ದವರ ಹೆಸರನ್ನು ಆ ಕಾಲದಲ್ಲಿ ಬಾಯಲ್ಲಿ ಆಡಿದ್ದರೆ ಅವನನ್ನೂ ಎಳೆದೊಯ್ಯುತ್ತಿದ್ದರೋ ಏನೋ. ಅವನಿಗೆ ಜೈಲಿನ ಭಯ ಇತ್ತು. ನನಗೆ ಯಾವ ಭಯ ಇತ್ತು ಪುಟ್ಟಿ?

ಇದನ್ನು ನಿನ್ನಪ್ಪನಿಗೂ ಹೇಳಿಲ್ಲ. ನನ್ನ ಉಸ್ತಾದರು ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದವರು, ಗೊತ್ತಲ್ಲ. ಓದು ಬರಹ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಗರಡಿ ಬಾಗಿಲು ತೆಗೆದು ನಮ್ಮ ಕೈಲಿ ಕುಸ್ತಿಯ ಮಣ್ಣು, ಮಟ್ಟಿ ಅಗೆಸುತ್ತಿದ್ದರು. ನಾನು ಕೋಚ್ ತರಬೇತಿ ಮುಗಿಸಿ ಬಂದ ವರ್ಷ ಒಂದು ಪತ್ರಿಕೆಯವರು ಬಂದು ನಿಮ್ಮ ಗುರು ಯಾರು ಅಂತ ಕೇಳಿದರು. ತರಬೇತಿಯಲ್ಲಿ ಆರೇಳು ತಿಂಗಳು ಕಲಿಸಿದ ದೊಡ್ಡ ಕೋಚಿನ ಹೆಸರು ಹೇಳಿದೆ. ಹದಿನಾಲ್ಕು ವರ್ಷ ಕಲಿಸಿದವರ ಹೆಸರು ಹೇಳಲಿಲ್ಲ. ಮ್ಯಾಟಿನ ಮೇಲೆ ನಿಂತಿದ್ದವನಿಗೆ ಮಣ್ಣಿನ ಹೆಸರು ಹೇಳಲು ನಾಚಿಕೆ. ಅಷ್ಟೇ.

ಪತ್ರಿಕೆಯಲ್ಲಿ ಫೋಟೊ ಬಂತು. ಉಸ್ತಾದರು ಅದನ್ನು ಕತ್ತರಿಸಿ ಗರಡಿಯಲ್ಲಿ ಹನುಮಂತನ ಪಟದ ಕೆಳಗೆ ಅಂಟಿಸಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ಓದಲು ಬರುವ ಹುಡುಗರಿಗೆ ಅದರಲ್ಲಿ ಅವರ ಹೆಸರಿಲ್ಲ ಅಂತ ಗೊತ್ತಿತ್ತು. ಯಾರೂ ಅವರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ತೀರಿಕೊಂಡ ದಿನವೂ ಅದು ಗೋಡೆಯ ಮೇಲೇ ಇತ್ತು.

ಅದಕ್ಕೇ ಕೇಳುತ್ತೇನೆ. ಕಳ್ಳಿ ಅನ್ನಿಸುತ್ತೆ ಅಂತ ಬರೆದೆಯಲ್ಲ, ಬೆರೆಸಿದ್ದಕ್ಕೆ ಹಾಗನ್ನಿಸುತ್ತದೆಯಾ? ಬೆರೆಸದೆ ಯಾರು ಕಲಿಸಿದ್ದಾರೆ ಹೇಳು. ಜೂಡೊ ಕಟ್ಟಿದ ಜಿಗೊರೊ ಕಾನೊ ಅವರೇ ಜುಜುತ್ಸು ಅನ್ನುವ ಹಳೆಯ ಜಪಾನಿ ಮಲ್ಲವಿದ್ಯೆಯ ಎರಡು ಮನೆತನಗಳಲ್ಲಿ ಕಲಿತು, 1882ರಲ್ಲಿ ಒಂದು ದೇವಸ್ಥಾನದಲ್ಲಿ 12 ಚಾಪೆ ಹಾಸಿಕೊಂಡು ಶುರು ಮಾಡಿದವರು. ಆದರೆ ಅವರು ತಮಗೆ ಕಲಿಸಿದ ಕಿತೊ ಮನೆತನದ ಪಟ್ಟುಗಳ ಒಂದು ಸಾಲನ್ನು ಕೊಶಿಕಿ ನೊ ಕತಾ ಅಂತ ಹಾಗೇ ಉಳಿಸಿದರು. ಇವತ್ತಿಗೂ ಕೊಡೊಕಾನಿನಲ್ಲಿ ಕಲಿಸುತ್ತಾರಂತೆ. ನಮ್ಮ ಗರಡಿಯನ್ನೇ ನೋಡು. ಕುಸ್ತಿ, ಪೈಲ್ವಾನ್, ಉಸ್ತಾದ್, ಎಲ್ಲಾ ಪಾರಸಿ ಕಡೆಯಿಂದ ಬಂದ ಮಾತುಗಳು. ಮಲ್ಲ ಅನ್ನುವ ಮಾತು ಅದಕ್ಕೂ ಮೊದಲೇ ಇಲ್ಲಿತ್ತು. ಎರಡೂ ಒಂದೇ ಮಟ್ಟಿಯಲ್ಲಿ ಹೊರಳಾಡಿದವು.

1964ರಲ್ಲಿ ಟೋಕಿಯೊ ಒಲಿಂಪಿಕ್ಸಿಗೆ ಜೂಡೊ ಮೊದಲ ಸಲ ಬಂತು. ಸ್ಯಾಂಬೊದಲ್ಲಿ ಪಳಗಿದ ಸೋವಿಯತ್ ಹುಡುಗರು ಹೋಗಿ ನಾಲ್ಕು ಕಂಚು ಗೆದ್ದರು. ಅವರಲ್ಲಿ ಇಬ್ಬರು ಜಾರ್ಜಿಯಾದವರು, ಚಿಕ್ವಿಲಾಡ್ಜೆ ಮತ್ತು ಕಿಕ್ನಾಡ್ಜೆ. ಒಶ್ಚೆಪ್ಕೋವ್ ಕಲಿತ ಊರಿಗೇ ಆ ವಿದ್ಯೆ ಇನ್ನೊಂದು ರೂಪದಲ್ಲಿ ಹೋಯಿತು. ನೋಡಲು ಅವರಿರಲಿಲ್ಲ. ಇದನ್ನು ಮೊಮ್ಮಗ ಓದಿದಾಗ ಸಾಕು ನಿಲ್ಲಿಸು ಅಂದುಬಿಟ್ಟೆ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಏನು ಹೇಳಲಿ ಅಂತ ಕೇಳಿದ್ದೀಯ. ಆ ಬಾಯಿ ಕಟ್ಟಿಸಿದ್ದು ನಾನೇ ಅಲ್ವಾ? ಗರಡಿಗೆ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ ಅಂತ ನಿನಗೆ ಹಿತ್ತಲಲ್ಲಿ, ತೆಂಗಿನ ಮರದ ಪಕ್ಕ ಮಣ್ಣು ಸಡಿಲಿಸಿ ಕಲಿಸಿದೆ. ಯಾರ ಹತ್ತಿರವೂ ಹೇಳಬೇಡ ಅಂದಿದ್ದೆ. ಹತ್ತು ವರ್ಷದ ಮಗು, ಹೂಂ ಅಂದೆ. ಕಜಾನಿನ ಕೋಚು ಈ ಭುಜದ ಎಸೆತ ಎಲ್ಲಿ ಕಲಿತೆ ಅಂತ ಕೇಳಿದಾಗ ಸ್ಕೂಲಿನ ಜೂಡೊ ಅಂತ ಹೇಳಿದೆಯಂತೆ. ನಗುತ್ತಾ ಬರೆದಿದ್ದೆ. ಅದು ನನ್ನ ಉಸ್ತಾದರ ಧೋಬಿ ಪಟ್ಟು, ಮಗಳೇ. ನಿನ್ನ ಭಯದ ಬೇರು ಆ ಹಿತ್ತಲಲ್ಲಿದೆ. ಅದನ್ನು ನೆಟ್ಟಿದ್ದಕ್ಕೆ ನನ್ನನ್ನು ಕ್ಷಮಿಸು.

ಬುದ್ಧಿ ಹೇಳುವುದಕ್ಕೆ ನನಗೇನು ಹಕ್ಕಿದೆ ಅಂತಲೂ ಅನ್ನಿಸುತ್ತದೆ. ಆದರೂ ಒಂದೆರಡು ಮಾತು. ಪಟ್ಟು ಕಲಿಸುವಾಗ ಇದು ಎಲ್ಲಿಂದ ಬಂತು ಅಂತ ಅರ್ಧ ನಿಮಿಷ ಹೇಳು, ಜಾಸ್ತಿ ಬೇಡ. ಹೊಸಬರಿಗೆ ಮೊದಲ ತಿಂಗಳು ಸುಮ್ನೆ ಬೀಳುವುದನ್ನೇ ಕಲಿಸು. ಕಾಲಿನ ಕೀಲಿಗೆ ಒತ್ತಡ ಹಾಕುವ ಪಟ್ಟು ಜೂಡೊ ಪಂದ್ಯದಲ್ಲಿ ಇಲ್ಲ, ಸ್ಯಾಂಬೊದಲ್ಲಿ ಉಂಟು ಅಂತ ನೀನೇ ಬರೆದಿದ್ದೆ. ಅದನ್ನು ಈಗಲೇ ಆ ಮಕ್ಕಳಿಗೆ ತೋರಿಸಬೇಡ, ಮಂಡಿ ಹೋದರೆ ಹೋಯಿತು. ನೀನು ಡಾಕ್ಟರು, ನಿನಗೆ ನಾನು ಹೇಳಬೇಕಾ. ಕ್ಷಮಿಸು, ಅಭ್ಯಾಸ.

ಯಾರಾದರೂ ಕೇಳಿದರೆ ಎಲ್ಲರ ಹೆಸರೂ ಹೇಳು. ಸ್ಕೂಲಿನ ಜೂಡೊ ಮೇಷ್ಟ್ರು, ಕಜಾನಿನ ಕೋಚು, ಹಿತ್ತಲಿನ ದೊಡ್ಡಪ್ಪ. ದೊಡ್ಡಪ್ಪನಿಗೆ ಕಲಿಸಿದವರು ಯಾರು ಅಂತ ಕೇಳಿದರೆ ಅದನ್ನೂ ಹೇಳು.

ಈ ಕಾಗದದ ಜೊತೆ ಬೇರೆ ಒಂದು ಹಾಳೆ ಇಟ್ಟಿದ್ದೇನೆ. ಉಸ್ತಾದರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಕೈ ನಡುಗುತ್ತದೆ, ಮೂರು ಸಲ ಬರೆದ ಮೇಲೆ ಇದು ನೆಟ್ಟಗೆ ಬಂತು. ನೀನು ಕಲಿಸುವ ಜಾಗದ ಗೋಡೆಗೆ ಅಂಟಿಸು. ಮಳೆಗಾಲ, ಗೋಡೆ ತೇವ ಇರುತ್ತದೆ. ಗೋಂದು ಸ್ವಲ್ಪ ಜಾಸ್ತಿಯೇ ಹಚ್ಚು.

ನಿನ್ನ
ದೊಡ್ಡಪ್ಪ